ಘಟ್ಟದ ನೆತ್ತಿಯಿಂದ ಭದ್ರೆಯ ಹಿನ್ನೀರಿನವರೆಗೆ: ಒಂದು ಬೆಟ್ಟಸೀಮೆಯ ಸಮೀಕ್ಷೆ

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದಲ್ಲಿ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ (ಎನ್.ಆರ್.ಪುರ) ತಾಲ್ಲೂಕುಗಳು ಒಂದಕ್ಕೊಂದು ಒತ್ತಿಕೊಂಡಿವೆ. ಘಟ್ಟದ ನೆತ್ತಿಯಲ್ಲಿ ಶುರುವಾಗುವ ಈ ಸೀಮೆ ಗುಡ್ಡ, ಕಾನು, ಗದ್ದೆ, ತೋಟಗಳನ್ನು ದಾಟಿ ಪೂರ್ವಕ್ಕೆ ಇಳಿಯುತ್ತಾ ಭದ್ರಾ ಜಲಾಶಯದ ಹಿನ್ನೀರಿನಲ್ಲಿ ಮುಗಿಯುತ್ತದೆ. ಇದನ್ನು ದೂರದ, ದುರ್ಗಮ ಸೀಮೆ ಎಂದೇ ನಾವು ಹೇಳಿಕೊಂಡು ಬಂದಿದ್ದೇವೆ. ಮಳೆಗಾಲದಲ್ಲಿ ಹಳ್ಳ ದಾಟಲು ಅಡಿಕೆಮರದ ಸಂಕವನ್ನೇ ನಂಬಿರುವ ಮನೆಗಳು ಇಂದಿಗೂ ಇಲ್ಲಿ ಇರುವುದರಿಂದ ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಇಲ್ಲಿನ ಮೆಣಸು, ಅಡಿಕೆ, ಮರಮಟ್ಟು, ಅದಿರು ಮತ್ತು ನೀರಿಗೆ ಹೊರಗೆ ಹೋಗಲು ದಾರಿ ಯಾವ ಕಾಲದಲ್ಲೂ ಇಲ್ಲದೆ ಹೋಗಲಿಲ್ಲ. ಸಾವಿರದ ಮುನ್ನೂರು ವರ್ಷಗಳ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ, ಈ ಬೆಟ್ಟಗಳು ದುರ್ಗಮವಾಗಿ ಉಳಿದದ್ದು ಹೆಚ್ಚಾಗಿ ಇಲ್ಲೇ ಬದುಕುವವರ ಪಾಲಿಗೆ. ಈ ಸಮೀಕ್ಷೆಯ ಹಿಂದೆ ಇರುವುದು ಆ ಕಳವಳ.

ನೆಲ ಮತ್ತು ನೀರು

ಇಲ್ಲಿನ ಕಲ್ಲು ಬಹಳ ಹಳೆಯದು. ಕುದುರೆಮುಖದಿಂದ ಬಾಬಾಬುಡನ್‌ಗಿರಿಯವರೆಗಿನ ಧಾರವಾಡ ಶಿಲಾವರ್ಗಕ್ಕೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಈ ಶಿಲೆಗಳಲ್ಲೇ ಕಬ್ಬಿಣದ ಅದಿರಿನ ಪಟ್ಟೆಗಳಿವೆ. ಆದರೆ ಪಶ್ಚಿಮಕ್ಕೆ ಗೋಡೆಯಂತೆ ಕಡಿದು ನಿಂತ ಘಟ್ಟದ ಅಂಚು ಅಷ್ಟು ಹಳೆಯದಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದ ಭೂಭಾಗದಿಂದ ಬೇರ್ಪಟ್ಟಿತು. ಆಗ ಸೀಳಿದ ಅಂಚನ್ನು ಮಳೆಯೂ ಹೊಳೆಗಳೂ ಸವೆಸುತ್ತಾ ಬಂದು ಇಂದಿನ ಘಟ್ಟವಾಯಿತೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ.

ದಕ್ಷಿಣದಲ್ಲಿ ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಶಿಖರವಿದೆ. ಅಲ್ಲಿಂದ ಉತ್ತರಕ್ಕೆ ಗಂಗಾಮೂಲದ ವರಾಹ ಪರ್ವತ, ಕೆರೆಕಟ್ಟೆಯ ಕಾಡು, ಕಿಗ್ಗದ ಮೇಲಿನ ನರಸಿಂಹ ಪರ್ವತ, ಅದರಾಚೆ ಆಗುಂಬೆ. ಕೊಪ್ಪದ ಕಡೆಗೆ ಮೇರುತಿ ಗುಡ್ಡ ಸಾಲಿನಿಂದ ಸ್ವಲ್ಪ ಬೇರೆಯಾಗಿ ನಿಂತಿದೆ. ಎತ್ತರದ ಬೆನ್ನುಗಳ ಮೇಲೆ ಹುಲ್ಲು ಬೆಳೆದಿದ್ದರೆ ಮಡಿಕೆಗಳಲ್ಲಿ ಶೋಲಾ ಕಾಡು ದಟ್ಟವಾಗಿದೆ. ಮಳೆಗಾಲದ ನಾಲ್ಕು ತಿಂಗಳ ನೀರನ್ನು ಈ ಹುಲ್ಲೂ ಶೋಲಾವೂ ಹೀರಿ ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಸ್ವಲ್ಪಸ್ವಲ್ಪವಾಗಿ ಬಿಡುತ್ತವೆ. ಮನೆಯ ಹಿತ್ತಲಿಗೆ ದಬ್ಬೆ ಕಟ್ಟಿ ಅಬ್ಬಿ ನೀರು ಹರಿಸಿಕೊಂಡು ಬದುಕಿದ ಊರುಗಳೆಲ್ಲ ನಂಬಿದ್ದು ಆ ನೀರನ್ನೇ.

ತುಂಗೆ, ಭದ್ರೆ, ನೇತ್ರಾವತಿ ಮೂವರಿಗೂ ಗಂಗಾಮೂಲವೇ ತವರು ಎನ್ನುವುದು ಹಿಂದಿನಿಂದ ಬಂದ ನಂಬಿಕೆ. ತುಂಗೆ ಶೃಂಗೇರಿ, ಹರಿಹರಪುರಗಳನ್ನು ಮುಟ್ಟಿ ಕೊಪ್ಪದ ಸೀಮೆ ಹಾಯ್ದು ತೀರ್ಥಹಳ್ಳಿಯ ಕಡೆ ಹೋಗುತ್ತದೆ. ಭದ್ರೆ ಕುದುರೆಮುಖ, ಕಳಸ, ಬಾಳೆಹೊನ್ನೂರುಗಳನ್ನು ಬಳಸಿ ನರಸಿಂಹರಾಜಪುರದ ಕಡೆಗೆ ಬರುತ್ತದೆ. ತುಂಗೆ 147 ಕಿ.ಮೀ., ಭದ್ರೆ 178 ಕಿ.ಮೀ. ಹರಿದು ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗುತ್ತವೆ. ಇತ್ತ ನರಸಿಂಹ ಪರ್ವತದ ಮಗ್ಗುಲಲ್ಲಿ ಹುಟ್ಟುವ ಸೀತಾನದಿ ಬರ್ಕಣದಲ್ಲಿ ಧುಮುಕಿ, ಹೆಬ್ರಿಯ ಮೂಲಕ ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ಬೆಟ್ಟದ ನೆತ್ತಿಗೆ ಬಿದ್ದ ಮಳೆಯಲ್ಲಿ ಒಂದು ಪಾಲು ಕೆಲವೇ ಹೊತ್ತಿನಲ್ಲಿ ಕರಾವಳಿಗೆ ಇಳಿದರೆ, ಇನ್ನೊಂದು ಪಾಲು ಹೊಸಪೇಟೆ, ರಾಯಚೂರುಗಳ ಗದ್ದೆಗಳನ್ನು ನೆನೆಸಿ ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ.

ಈ ಸೀಮೆಯ ಬದುಕಿನ ವ್ಯತ್ಯಾಸಗಳು ಮಳೆಯ ಏರಿಳಿತದಿಂದ ಹುಟ್ಟಿದವು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಶೃಂಗೇರಿ, ಕೊಪ್ಪ ದಾಟಿ ನರಸಿಂಹರಾಜಪುರಕ್ಕೆ ಬರುವಷ್ಟರಲ್ಲಿ ಅದು ಕಾಲು ಭಾಗದ ಆಸುಪಾಸಿಗೆ ಇಳಿದಿರುತ್ತದೆ. ಮೇಲಿನ ಕಾಡು ಸದಾ ಹಸಿರು. ಕೆಳಗಿನ ಲಕ್ಕವಳ್ಳಿಯ ಕಡೆ ಬೇಸಿಗೆಯಲ್ಲಿ ಎಲೆ ಉದುರಿಸುವ ತೇಗದ ಕಾಡು. ಶೃಂಗೇರಿಯವರ ಚಿಂತೆ ಅತಿವೃಷ್ಟಿಯದಾದರೆ ಎನ್.ಆರ್.ಪುರದ ಬಯಲು ಅಂಚಿನವರಿಗೆ ಕೆಲವು ವರ್ಷ ಮಳೆ ಬಾರದ್ದೇ ಚಿಂತೆ. ಮಲೆನಾಡು ಎಂದು ಇಡೀ ಸೀಮೆಗೆ ಒಂದೇ ಅಳತೆ ಹಿಡಿದು ಮಾಡಿದ ಎಷ್ಟೋ ಯೋಜನೆಗಳು ಇಲ್ಲಿ ನೆಲ ಹಿಡಿಯದೆ ಹೋದದ್ದು ಇದರಿಂದಲೇ.

ಶಾಸನ, ಮಠ, ಪಾಳೆಯ

ಶೃಂಗೇರಿಯಿಂದ ಸ್ವಲ್ಪ ದೂರದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರ ದೇವಸ್ಥಾನವಿದೆ. ಮಳೆ ಬಾರದಿದ್ದರೆ ದೂರದ ಊರುಗಳ ಜನರೂ ಪೂಜೆಗೆ ಬರುತ್ತಾರೆ. ಮಳೆ ಅತಿಯಾದಾಗ ನಿಲ್ಲಲಿ ಎಂದು ಬೇಡಿಕೊಳ್ಳುವುದೂ ಇಲ್ಲಿಯೇ. ಈ ಸೀಮೆಯ ಬಹು ಹಳೆಯ ಲಿಖಿತ ಸಾಕ್ಷಿಯೂ ಇಲ್ಲೇ ಸಿಕ್ಕಿದೆ. ಗುಣಸಾಗರ, ಚಿತ್ರವಾಹನ ಎಂಬ ಆಳುಪ ಅರಸರ ಹೆಸರುಳ್ಳ, ಸುಮಾರು 7ನೇ ಶತಮಾನದ ಶಾಸನಗಳವು. ಆಳುಪರು ತುಳುನಾಡಿನ ಅರಸರು. ಅವರ ಶಾಸನ ಘಟ್ಟದ ಮೇಲೆ ನಿಂತಿರುವುದನ್ನು ನೋಡಿದರೆ ಆ ಕಾಲಕ್ಕೇ ಕರಾವಳಿಗೂ ಮಲೆನಾಡಿಗೂ ಜನ, ಸರಕು, ಅಧಿಕಾರ ಎಲ್ಲವೂ ಓಡಾಡುತ್ತಿದ್ದವೆಂದು ತಿಳಿಯುತ್ತದೆ. ಮುಂದೆ ಹೊಂಬುಚ್ಚದ ಸಾಂತರರ ಪ್ರಭಾವವೂ ಘಟ್ಟದ ಎರಡು ಬದಿಗೂ ಹರಡಿತು. ನರಸಿಂಹರಾಜಪುರದ ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿ ಈ ಸೀಮೆಯ ಜೈನ ಪರಂಪರೆಯ ನೆಲೆ. ಭದ್ರೆಯ ದಡದ ಬಾಳೆಹೊನ್ನೂರಿನಲ್ಲಿ ವೀರಶೈವರ ಪಂಚಪೀಠಗಳಲ್ಲಿ ಒಂದಾದ ರಂಭಾಪುರಿ ಪೀಠವಿದೆ. ತುಂಗೆಯ ದಡದಲ್ಲಿ ಶಂಕರಾಚಾರ್ಯರು ಸ್ಥಾಪಿಸಿದರೆಂದು ಪರಂಪರೆ ಹೇಳುವ ಶಾರದಾ ಪೀಠವಿದೆ.

ಶೃಂಗೇರಿಯನ್ನು ದೇಶದ ರಾಜಕಾರಣಕ್ಕೆ ಜೋಡಿಸಿದ್ದು 14ನೇ ಶತಮಾನ. 1346ರಲ್ಲಿ ಹರಿಹರ ಮತ್ತು ಅವನ ಸಹೋದರರು ಇಲ್ಲಿ ವಿಜಯೋತ್ಸವ ಆಚರಿಸಿ ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಭೂಮಿ ಬಿಟ್ಟ ವಿಚಾರವನ್ನು ಇಲ್ಲಿನ ಶಾಸನವೇ ಹೇಳುತ್ತದೆ. ಆಗಷ್ಟೇ ತಲೆ ಎತ್ತುತ್ತಿದ್ದ ವಿಜಯನಗರಕ್ಕೆ ಈ ಬೆಟ್ಟದ ಮಠದ ಮಾನ್ಯತೆ ಬೇಕಿತ್ತು. ಅದೇ ಶತಮಾನದ ವಿದ್ಯಾಶಂಕರ ದೇವಾಲಯ ಎತ್ತರದ ಜಗತಿಯ ಮೇಲೆ, ಹೊಯ್ಸಳ ಮತ್ತು ದ್ರಾವಿಡ ಶೈಲಿಗಳನ್ನು ಕೂಡಿಸಿಕೊಂಡು ನಿಂತಿದೆ. ನವರಂಗದ ಹನ್ನೆರಡು ಕಂಬಗಳಿಗೆ ಹನ್ನೆರಡು ರಾಶಿಗಳ ಗುರುತಿದ್ದು, ಆಯಾ ಸೌರಮಾಸದಲ್ಲಿ ಬೆಳಗಿನ ಬಿಸಿಲು ಆಯಾ ಕಂಬಕ್ಕೆ ಬೀಳುವಂತೆ ಕಟ್ಟಿದ್ದಾರೆಂಬ ಮಾತು ಊರಲ್ಲಿ ಮನೆಮಾತು. ಇಷ್ಟು ಮಳೆಯ ಊರಲ್ಲಿ, ಹೊಳೆಯ ದಡದಲ್ಲೇ ಕಟ್ಟಿದ ಗುಡಿ ಆರು ಶತಮಾನಗಳಿಗೂ ಮೀರಿ ಉಳಿದದ್ದು ನೀರನ್ನು ಅರಿತ ಕಟ್ಟುಗಾರಿಕೆಯಿಂದ. ಇಂದಿಗೂ ಕಪ್ಪೆ ಶಂಕರ ಗುಡಿ ಮುಳುಗಿತು, ಗಾಂಧಿ ಮೈದಾನಕ್ಕೆ ನೀರು ನುಗ್ಗಿತು ಎಂಬ ಸುದ್ದಿಯಲ್ಲೇ ಊರವರು ತುಂಗೆಯ ಮಟ್ಟವನ್ನು ಅಳೆಯುತ್ತಾರೆ.

ವಿಜಯನಗರದ ತರುವಾಯ ಕೆಳದಿ ನಾಯಕರ ಆಳ್ವಿಕೆ. ಅವರ ಬೊಕ್ಕಸ ತುಂಬಿದ್ದು ಮೆಣಸು, ಅಡಿಕೆ, ಅಕ್ಕಿಯ ವ್ಯಾಪಾರ. ಹೇರೆತ್ತುಗಳ ಮೇಲೆ ಸರಕು ಘಟ್ಟ ಇಳಿಯುತ್ತಿತ್ತು, ಅದೇ ಎತ್ತುಗಳ ಮೇಲೆ ಉಪ್ಪು ಮೇಲೆ ಬರುತ್ತಿತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಸೀಮೆ ಮೈಸೂರಿಗೆ ಸೇರಿತು. 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ಸೂರೆ ಮಾಡಿದಾಗ ಟಿಪ್ಪು ಸುಲ್ತಾನ ಜಗದ್ಗುರುಗಳಿಗೆ ಕನ್ನಡದಲ್ಲಿ ಪತ್ರ ಬರೆದು, ಶಾರದೆಯ ಮರುಪ್ರತಿಷ್ಠೆಗೆ ನೆರವು ಕಳಿಸಿದ. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್. ಟಿಪ್ಪುವಿನ ಬಗ್ಗೆ ನಡೆಯುವ ಯಾವ ಚರ್ಚೆಯಲ್ಲೂ ಶೃಂಗೇರಿಯ ಕಡತ ಇಂದಿಗೂ ಹೊರಬರುತ್ತದೆ.

ಬಹುಕಾಲ ಮಠದ ಜಹಗೀರಾಗಿದ್ದ ಶೃಂಗೇರಿ, ಧಾರ್ಮಿಕ ಇನಾಮುಗಳನ್ನು ರದ್ದುಗೊಳಿಸಿದ 1955ರ ಮೈಸೂರು ಕಾಯ್ದೆಯ ನಂತರ ಸರ್ಕಾರದ ನೇರ ಆಡಳಿತಕ್ಕೆ ಬಂತು. ಎಡೇಹಳ್ಳಿ ಎಂದಿದ್ದ ಊರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗೆ ನರಸಿಂಹರಾಜಪುರವಾಯಿತು. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ತಾಯಿಯ ಮನೆಯಲ್ಲಿ. ಈ ಕಾಡು, ಈ ಮಳೆ, ಇಲ್ಲಿನ ಒಡೆಯ–ಆಳುಗಳ ಸಂಬಂಧ ಕನ್ನಡ ಸಾಹಿತ್ಯದ ನಡುಮನೆಗೆ ಬಂದದ್ದು ಹೆಚ್ಚಾಗಿ ಅವರ ಬರವಣಿಗೆಯಿಂದ.

ತೋಟ ಮತ್ತು ಬೆಟ್ಟ

ಇಲ್ಲಿನ ಕೃಷಿ ಅರ್ಥವಾಗಬೇಕಾದರೆ ಕಣಿವೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಹಳ್ಳದ ಪಕ್ಕ ಭತ್ತದ ಗದ್ದೆ. ಅದರ ಮೇಲೆ, ನೀರು ಬಸಿದು ಹೋಗುವ ತಗ್ಗಿನಲ್ಲಿ ಅಡಿಕೆ ತೋಟ. ಮರಕ್ಕೆ ಮೆಣಸಿನ ಬಳ್ಳಿ, ಬುಡದ ನೆರಳಲ್ಲಿ ಏಲಕ್ಕಿ. ತೋಟದ ಮೇಲೆ ಮನೆ. ಮನೆಯ ಹಿಂದೆ ಸೊಪ್ಪಿನಬೆಟ್ಟ, ಅದಕ್ಕೂ ಮೇಲೆ ಕಾನು. ಕೊಟ್ಟಿಗೆಗೆ ಹಾಸುವ ಸೊಪ್ಪು, ದರಗು, ಒಲೆಗೆ ಸೌದೆ ಎಲ್ಲವೂ ಬೆಟ್ಟದಿಂದಲೇ ಬರಬೇಕು. ಬೆಟ್ಟ ಬೋಳಾದರೆ ಕೆಲವೇ ವರ್ಷಗಳಲ್ಲಿ ತೋಟವೂ ಸೊರಗುತ್ತದೆ. ಕಂದಾಯ ದಾಖಲೆಯಲ್ಲಿ ತೋಟ ರೈತನದು, ಬೆಟ್ಟ ಸರ್ಕಾರದ್ದು. ಇವೆರಡರ ನಡುವಿನ ಹಕ್ಕು ಯಾವತ್ತೂ ಪೂರ್ತಿ ಬಗೆಹರಿಯಲಿಲ್ಲ.

ಅಡಿಕೆಯ ದೊಡ್ಡ ಶತ್ರು ಕೊಳೆರೋಗ. ಮಳೆ ಬಿಡದೆ ಹೊಡೆಯುವ ಆಷಾಢ–ಶ್ರಾವಣದಲ್ಲಿ ಎಳೆಗಾಯಿ ಕೊಳೆತು ಉದುರುತ್ತದೆ. ಹಿಂದೆ ಗೊನೆಗೊನೆಗೂ ಕೊಟ್ಟೆ ಕಟ್ಟಿ ಕಾಯುತ್ತಿದ್ದರು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗವನ್ನು ಕೂಲಂಕಷವಾಗಿ ಅಧ್ಯಯನ ಮಾಡಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹದ ನೋಡಲು ಮಸೆದ ಕತ್ತಿಯನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ನೂರು ವರ್ಷ ಕಳೆದರೂ ಮಳೆಗಾಲದ ಬಿಡುವಿನಲ್ಲಿ ಮೋಟಾರಿನ ಸದ್ದಿನ ಜೊತೆ ಇದೇ ನೀಲಿ ದ್ರಾವಣ ಮರ ಏರುತ್ತದೆ.

ಕಾಫಿ ಸಂಶೋಧನೆಗೂ ಈ ಸೀಮೆಯೇ ತವರು. 1915ರಲ್ಲಿ ಕೊಪ್ಪದಲ್ಲಿ ಶುರುವಾದ ತಾತ್ಕಾಲಿಕ ಸಂಶೋಧನಾ ಘಟಕವೇ 1925ರಲ್ಲಿ ಬಾಳೆಹೊನ್ನೂರು ಬಳಿಯ ಪ್ರಯೋಗಕೇಂದ್ರವಾಗಿ ನೆಲೆಗೊಂಡಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಅರೇಬಿಕಾ ಬೆಳೆಗಾರರು ಈಗಲೂ ನೆಚ್ಚುವ ಎಸ್. 795 ತಳಿ ಬಂದದ್ದು ಅಲ್ಲಿಂದ. ಕಳೆದ ಶತಮಾನದ ನಡುವೆ ಕೇರಳದಿಂದ ಬಂದು ಎನ್.ಆರ್.ಪುರದ ಸುತ್ತ ನೆಲೆಸಿದ ಕುಟುಂಬಗಳು ರಬ್ಬರ್, ಶುಂಠಿಯನ್ನು ತಂದವು. ಆದರೆ ಕೊಪ್ಪ, ಶೃಂಗೇರಿಗಳ ಅಡಿಕೆಯ ಹಳದಿ ಎಲೆ ರೋಗಕ್ಕೆ ದಶಕಗಳು ಕಳೆದರೂ ಗ್ಯಾರಂಟಿ ಮದ್ದು ಸಿಕ್ಕಿಲ್ಲ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ಹಳದಿ ರೋಗ ಬಂದ ತೋಟದಲ್ಲಿ ಫಸಲು ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗಿ, ಕೊನೆಗೆ ಮಕ್ಕಳು ಬೆಂಗಳೂರಿನ ದಾರಿ ಹಿಡಿಯುತ್ತಾರೆ. ದೂರದ ಪೇಟೆಗೆ ಬೇಕಾದ ಬೆಳೆಗೆ ಸಂಶೋಧನೆ ನೂರು ವರ್ಷದ ಹಿಂದೆಯೇ ಬಂದಿತು. ಸಣ್ಣ ಹಿಡುವಳಿದಾರನ ಸಂಕಟಕ್ಕೆ ಅದೇ ತುರ್ತು ಕಾಣಲಿಲ್ಲ.

ಹೊರಗೆ ಹೋದ ದಾರಿಗಳು

1910ರ ದಶಕದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಪುಟ್ಟ ರೈಲುಹಳಿ ಬಂತು. ಆ ಹಳಿ ಹೋಗಿ ಎಷ್ಟೋ ಕಾಲವಾಯಿತು, ಮೂರೂ ತಾಲ್ಲೂಕಿನಲ್ಲಿ ಇಂದು ರೈಲು ಇಲ್ಲ. 1947ರಲ್ಲಿ ಶುರುವಾದ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಕೆಲಸ 1960ರ ದಶಕದಲ್ಲಿ ಮುಗಿಯಿತು. 71.5 ಟಿಎಂಸಿ ಅಡಿ ನೀರು ಹಿಡಿಯುವ ಆ ಜಲಾಶಯ ದಾವಣಗೆರೆಯ ಗದ್ದೆಗಳನ್ನು ಹಸಿರು ಮಾಡಿತು. ಎನ್.ಆರ್.ಪುರ ತಾಲ್ಲೂಕಿನ ಫಲವತ್ತಾದ ಕಣಿವೆಗಳು ಹಿನ್ನೀರಿನಡಿ ಹೋದವು. ಮುಳುಗಡೆಯಾದವರು ಎತ್ತರದ ಕಾಡಂಚಿಗೆ ಸರಿದರು. ಅವರಲ್ಲಿ ಹಲವರ ಜಮೀನಿನ ದಾಖಲೆ ಇಂದಿಗೂ ತಗಾದೆಯಲ್ಲಿದೆ. ಈಗ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.4 ಟಿಎಂಸಿ ನೀರನ್ನು ಎತ್ತಿ ಭದ್ರೆಗೆ ತಂದು, ಅಲ್ಲಿಂದ ಒಟ್ಟು 29.9 ಟಿಎಂಸಿ ನೀರನ್ನು ಚಿತ್ರದುರ್ಗ, ತುಮಕೂರಿನ ಬರದ ನಾಡಿಗೆ ಕೊಂಡೊಯ್ಯುವ ಲೆಕ್ಕಾಚಾರವಿದೆ. ಬಯಲುಸೀಮೆಯ ಬಾಯಾರಿಕೆ ನಿಜ, ಅದಕ್ಕೆ ನೀರು ಕೊಡಬೇಕಾದ್ದೂ ನ್ಯಾಯ. ಆದರೆ ನೀರು ಹುಟ್ಟುವ ಶೋಲಾ, ಹುಲ್ಲುಗಾವಲುಗಳ ಆರೈಕೆಗೂ ಅಲ್ಲಿನ ಜನರ ಬದುಕಿಗೂ ಆ ಲೆಕ್ಕದಲ್ಲಿ ಒಂದು ಪಾಲು ಇರಬೇಕಿತ್ತು.

ಕುದುರೆಮುಖದ ಗಣಿ ಇನ್ನೂ ದೊಡ್ಡ ಪಾಠ. 1976ರಲ್ಲಿ ಹುಟ್ಟಿದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಇರಾನಿನ ಬೇಡಿಕೆಯನ್ನೇ ನೆಚ್ಚಿಕೊಂಡಿತ್ತು. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿಯಿತು, ಗಣಿಗಾರಿಕೆ ಮಾತ್ರ ಮುಂದುವರಿಯಿತು. ಬೆಟ್ಟ ಕಡಿದು, ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸಿದರು. ಉಳಿದ ಹೂಳು ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟಿನ ಹಿಂದೆ ನಿಂತಿದೆ. ಭದ್ರೆಯ ಕೆಂಪು ನೀರಿನ ವಿರುದ್ಧ ಪರಿಸರವಾದಿಗಳೂ ಕೆಳಗಿನ ರೈತರೂ ಹೋರಾಡಿದರು. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ನದಿಯ ಮೂಲವನ್ನು ಉಳಿಸಿದ ಆ ತೀರ್ಪು ಕನ್ನಡ ನಾಡಿನ ಪರಿಸರ ಚರಿತ್ರೆಯ ಬಹು ದೊಡ್ಡ ಗೆಲುವು ಎಂದೇ ನನ್ನ ನಂಬಿಕೆ.

ಕಾಡು ಯಾರದು

ಗಣಿ ಇದ್ದ ಕಾಲದಲ್ಲೇ, 1987ರಲ್ಲಿ, ಸುಮಾರು 600 ಚದರ ಕಿ.ಮೀ. ವ್ಯಾಪ್ತಿಯ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಗಿತ್ತು. ಶೃಂಗೇರಿಯ ಕೆರೆಕಟ್ಟೆ ಭಾಗದ ಹಳ್ಳಿಗಳು ಅದರೊಳಗೆ ಬಂದವು. ಸಿಂಗಳೀಕ, ಹುಲಿ, ಮಂಗಟ್ಟೆ ಹಕ್ಕಿಗಳಿಗೆ ಈ ಕಾಡು ಬೇಕೇ ಬೇಕು. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಗೆ ಸೇರಿಸಿದಾಗ ಕುದುರೆಮುಖ, ಸೋಮೇಶ್ವರ, ಆಗುಂಬೆ ಕಾಡುಗಳೂ ಅದರಲ್ಲಿದ್ದವು. ಆದರೆ ತಲೆಮಾರುಗಳಿಂದ ಜೇನು, ಸೀಗೆ, ಬೆತ್ತ, ರಾಮಪತ್ರೆ ಆಯ್ದು, ಒಂದಿಷ್ಟು ಗದ್ದೆ ಮಾಡಿಕೊಂಡಿದ್ದ ಮಲೆಕುಡಿಯರು, ಗೌಡಲು, ಹಸಲರು ರಾತ್ರಿ ಬೆಳಗಾಗುವುದರೊಳಗೆ ಒತ್ತುವರಿದಾರರೆನಿಸಿಕೊಂಡರು. ಗಣಿ ಕಂಪನಿಗೆ ಬೆಟ್ಟ ಕಡಿಯಲು ಅನುಮತಿಯಿದ್ದ ಅದೇ ಕಾಡಿನಲ್ಲಿ ಬಡವನಿಗೆ ಗುಡಿಸಲಿನ ಹುಲ್ಲು ಹೊದಿಸಲೂ ಕೇಳಿ ನಿಲ್ಲಬೇಕಾಯಿತು.

ನಕ್ಸಲ್ ಚಳವಳಿಗೆ 2000ದ ದಶಕದಲ್ಲಿ ಇಲ್ಲಿ ಕಾಲೂರಲು ಎಡೆ ಸಿಕ್ಕಿದ್ದು ಈ ಅನ್ಯಾಯದಿಂದ. 2005ರ ಫೆಬ್ರುವರಿಯಲ್ಲಿ ಮೆಣಸಿನಹಾಡ್ಯದ ಕಡೆಯ ಬಲಿಗೆಯಲ್ಲಿ ನಡೆದ ಎನ್‌ಕೌಂಟರಿನಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಸತ್ತರು. ಮುಂದೆ ಪೊಲೀಸರೂ ನಕ್ಸಲರೂ ನಡುವೆ ಸಿಕ್ಕ ಹಳ್ಳಿಗರೂ ಪ್ರಾಣ ಕಳೆದುಕೊಂಡರು. ಬಂದೂಕು ಒಂದು ಮನೆಗೂ ಹಕ್ಕುಪತ್ರ ತಂದುಕೊಡಲಿಲ್ಲ. 2025ರ ಜನವರಿಯಲ್ಲಿ, ಶೃಂಗೇರಿ ತಾಲ್ಲೂಕಿನ ಮುಂಡಗಾರಿನವರೂ ಸೇರಿದಂತೆ ಆರು ಮಂದಿ ಮುಖ್ಯಮಂತ್ರಿಗಳ ಮುಂದೆ ಶರಣಾದಾಗ ಆ ಅಧ್ಯಾಯ ಬಹುಮಟ್ಟಿಗೆ ಮುಗಿಯಿತು. ಅದಕ್ಕೆ ಕಾರಣವಾದ ಭೂಮಿಯ ಪ್ರಶ್ನೆ ಮುಗಿದಿಲ್ಲ.

ಬೇರೆ ದಾರಿ ಇತ್ತು ಎಂಬುದಕ್ಕೆ ಪಕ್ಕದಲ್ಲೇ ಸಾಕ್ಷಿಯಿದೆ. ಭದ್ರಾ ಅಭಯಾರಣ್ಯದೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳಿಗೆ 2001–02ರ ಸುಮಾರಿಗೆ ಕಾಡಿನ ಹೊರಗೆ, ಎಂ.ಸಿ. ಹಳ್ಳಿಯಂಥ ಕಡೆ ನೀರಾವರಿ ಜಮೀನು, ಮನೆ, ಶಾಲೆ ಒದಗಿಸಿ ಸ್ಥಳಾಂತರಿಸಿದರು. ಕೊರತೆಗಳಿದ್ದವು. ಆದರೂ ಜನರೊಂದಿಗೆ ವರ್ಷಗಟ್ಟಲೆ ಮಾತಾಡಿ, ಭೂಮಿಗೆ ಭೂಮಿ ಕೊಟ್ಟಿದ್ದರಿಂದ ಅದನ್ನು ದೇಶದ ಉತ್ತಮ ಪುನರ್ವಸತಿಗಳಲ್ಲಿ ಒಂದೆಂದು ಎಣಿಸುತ್ತಾರೆ. ಹೋಗಲು ಮನಸ್ಸಿರುವವರಿಗೆ ಅಷ್ಟು ಕೊಡಬೇಕು. ಉಳಿಯುವವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಹಕ್ಕು ಕೊಡಬೇಕು. ಆ ಕಾಯ್ದೆ ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳಿಂದ 75 ವರ್ಷಗಳ ವಾಸದ ಪುರಾವೆ ಕೇಳುತ್ತದೆ. ಮಳೆಗೆ ಕೊಳೆತ ಕಾಗದಗಳ ಈ ಸೀಮೆಯಲ್ಲಿ ಎಷ್ಟೋ ಅರ್ಜಿಗಳು ಅಲ್ಲೇ ಮುಗ್ಗರಿಸಿವೆ.

ಪಶ್ಚಿಮಘಟ್ಟದ ರಕ್ಷಣೆ ಕುರಿತ 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿಗಳ ಚರ್ಚೆಯೂ ಹಕ್ಕಿನ ಈ ತಗಾದೆಯಿಂದ ಹುಟ್ಟಿದ ಅಪನಂಬಿಕೆಯ ಮೇಲೆ ಎಡವಿತು. 2024ರ ಜುಲೈ ಅಂತ್ಯದಲ್ಲಿ ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆ ಕರ್ನಾಟಕದ 20,668 ಚದರ ಕಿ.ಮೀ.ಯನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದಿತು. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು. ಗಾಡ್ಗೀಳರ ವರದಿ ಗ್ರಾಮಸಭೆಗೆ ಕೊಟ್ಟಿದ್ದ ಜಾಗ ಚರ್ಚೆಯಲ್ಲಿ ಕಳೆದುಹೋಯಿತು. ವರದಿ ಬಂದರೆ ಒಕ್ಕಲೆದ್ದು ಹೋಗಬೇಕೆಂಬ ಭಯವೊಂದೇ ಹಳ್ಳಿಗಳಿಗೆ ಮುಟ್ಟಿತು. ಈ ಚರ್ಚೆಯ ನಡುವೆಯೇ, 2019ರ ಆಗಸ್ಟಿನ ಮಳೆಗೆ ಮಲೆನಾಡಿನ ಗುಡ್ಡಗಳು ಕುಸಿದು ತೋಟ, ರಸ್ತೆಗಳನ್ನು ಹೂತವು. ಕಾಡಾನೆಗಳು ಕೊಪ್ಪ, ಎನ್.ಆರ್.ಪುರದ ತೋಟಗಳಿಗೆ ಇಳಿಯುತ್ತಿವೆ. ಬೇಸಿಗೆ ಬಂದರೆ ಮಂಗನ ಕಾಯಿಲೆಯ ಹೆದರಿಕೆ.

ಮುಂದೇನು

ಈ ಬೆಟ್ಟಸಾಲನ್ನು ಉಳಿಸಬೇಕೆ ಎಂಬುದು ಈಗ ಪ್ರಶ್ನೆಯೇ ಅಲ್ಲ. ತುಂಗಭದ್ರೆಯ ನೀರನ್ನು ಕುಡಿಯುವ ಲಕ್ಷಾಂತರ ಜನರ ಬದುಕು ಇದರ ಮೇಲೆ ನಿಂತಿದೆ. ಯಾರ ಖರ್ಚಿನಲ್ಲಿ, ಯಾರ ಮಾತಿನಂತೆ ಉಳಿಸಬೇಕು ಎಂಬುದೇ ತೀರ್ಮಾನವಾಗಬೇಕು. ಇದುವರೆಗೆ ನಷ್ಟ ಹೊತ್ತವರು ಬೆಟ್ಟದವರು, ತೀರ್ಮಾನ ಮಾಡಿದವರು ಬೇರೆಯವರು.

ನನಗೆ ಕಾಣುವ ಕೆಲಸಗಳು ಇವು. ಯಾವುದೇ ಅಧಿಸೂಚನೆ ಹೊರಡುವ ಮೊದಲು ಅದರ ಪೂರ್ಣ ಕನ್ನಡ ಪಾಠ, ಸರ್ವೆ ನಂಬರಿನ ನಕಾಶೆಯೊಂದಿಗೆ ಗ್ರಾಮಸಭೆಯ ಮುಂದೆ ಬರಬೇಕು. ಸೊಪ್ಪಿನಬೆಟ್ಟ, ಕಾನುಗಳ ಹಕ್ಕನ್ನು ಊರಿಗೆ ಸಾಮೂಹಿಕವಾಗಿ ಕೊಟ್ಟು, ಅವುಗಳನ್ನು ಕಾಯುವ ಹೊಣೆಯನ್ನೂ ಊರಿಗೇ ಒಪ್ಪಿಸಬೇಕು. ತಮ್ಮದೆಂಬ ಕಾಡನ್ನು ಜನ ಕಾಯುತ್ತಾರೆ, ಕಸಿದುಕೊಂಡ ಕಾಡಿಗೆ ಬೆಂಕಿ ಬಿದ್ದರೂ ಓಡಿ ಬರುವುದಿಲ್ಲ. ನದಿಯ ನೀರನ್ನು ಬಳಸುವ ನೀರಾವರಿ ಯೋಜನೆಗಳ, ಪಟ್ಟಣಗಳ ಆದಾಯದಲ್ಲಿ ಒಂದು ನಿಶ್ಚಿತ ಪಾಲು ಜಲಮೂಲದ ಪಂಚಾಯಿತಿಗಳಿಗೆ ಪ್ರತಿವರ್ಷ ಬರಬೇಕು. ಮಳೆಗಾಲಕ್ಕೆ ಮುಂಚೆ ಸಂಕವಿರುವ ಪ್ರತಿ ಹಳ್ಳಕ್ಕೂ ಒಂದು ಗಟ್ಟಿ ಕಾಲುಸೇತುವೆ ಬೇಕು. ಘಟ್ಟದ ಹೆದ್ದಾರಿಯ ಅಗಲೀಕರಣಕ್ಕೆ ಆಗುವ ವೆಚ್ಚದ ಎದುರು ಇದು ಸಣ್ಣ ಮೊತ್ತ, ಇದಕ್ಕೆ ಮರವೂ ಕಡಿಯಬೇಕಿಲ್ಲ. ಹಳದಿ ಎಲೆ ರೋಗ ಬಂದ ತೋಟದವರಿಗೆ ಬದಲಿ ಬೆಳೆಗೆ ಹಲವು ವರ್ಷಗಳ ನೆರವು ಬೇಕು. ಒಂದು ಸಲ ಕೊಟ್ಟು ಕೈತೊಳೆದುಕೊಳ್ಳುವ ಪರಿಹಾರದಿಂದ ತೋಟ ಉಳಿಯುವುದಿಲ್ಲ.

ಅದಿರನ್ನು 67 ಕಿ.ಮೀ. ಹರಿಸಲು, ನದಿಯನ್ನು ಎತ್ತಿ ಇನ್ನೊಂದು ನದಿಗೆ ಸೇರಿಸಲು ಬಲ್ಲ ನಾಡಿಗೆ ಇವುಗಳಲ್ಲಿ ಯಾವುದೂ ಕಷ್ಟದ ಕೆಲಸವಲ್ಲ. ಇಲ್ಲಿ ನೆಲೆಸಿರುವವರನ್ನು ಬೆಟ್ಟದ ಕಾವಲುಗಾರರೆಂದು ಒಪ್ಪಿಕೊಂಡು, ಬಜೆಟ್ಟಿನಲ್ಲಿ ಅವರಿಗೆ ಹಕ್ಕಿನ ಪಾಲು ಬರೆದರೆ ಸಾಕು, ಉಳಿದ ಕೆಲಸ ಅಲ್ಲಿಂದ ಶುರುವಾಗುತ್ತದೆ.